ತೊಳೆಯಬಹುದಾದ ಕಾವಲಿ

ಬಹುದಕ್ಕನಿಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ ಎಂದು ಆಫೀಸಿನವರು ಆಡಿಕೊಳ್ಳುತ್ತಾರೆ. ಅದು ತಪ್ಪು. ಮೂಗಿನ ತುದಿಯ ಸಿಟ್ಟು ಒಂದು ಸೀನಿಗೆ ಹಾರಿಹೋಗುತ್ತದೆ. ಇವಳದ್ದು ಹೊಟ್ಟೆಯೊಳಗೆ ಬೇರು ಬಿಟ್ಟು ಕೂತ ಸಿಟ್ಟು, ಹುಡುಗಿಯಾಗಿದ್ದಾಗಿನಿಂದ ಅವಳ ಜೊತೆಗೇ ಬೆಳೆದದ್ದು. ಅದು ಹುಟ್ಟಿದ್ದು ಒಂದು ಇಂಗ್ಲಿಷ್ ಪದದ ಬಾಲದಿಂದ ಎಂದರೆ ನೀವು ನಗುತ್ತೀರಿ. ನಗಿ, ಆದರೆ ಪೂರ್ತಿ ಕೇಳಿ ನಗಿ.

ಅವಳ ಕೆಲಸ ಇಷ್ಟು: ಮನೆಬಳಕೆಯ ಕರೆಂಟಿನ ಸಾಮಾನು ಮಾಡುವ ಒಂದು ಕಂಪನಿಯಲ್ಲಿ, ಡಬ್ಬದೊಳಗೆ ಮಡಚಿ ಇಡುವ ಚೀಟಿಯನ್ನು ಇಂಗ್ಲಿಷಿನಿಂದ ನಮ್ಮ ಭಾಷೆಗೆ ತರುವುದು. ಸಾಮಾನು ಕೊಂಡವರಲ್ಲಿ ಮುಕ್ಕಾಲು ಪಾಲು ಜನ ಆ ಚೀಟಿಯನ್ನು ಓದದೆ ಎಸೆಯುತ್ತಾರೆ. ಉಳಿದವರು ಓದುತ್ತಾರಲ್ಲ, ಅವರಿಗಾಗಿ ಅವಳು ಜೀವ ತೇಯುತ್ತಾಳೆ. ಇಂಗ್ಲಿಷಿನ ಚೀಟಿಯಲ್ಲಿ ಎಲ್ಲಿ ನೋಡಿದರೂ ಆ 'ಅಬಲ್' ಎಂಬ ಬಾಲ: ವಾಷಬಲ್, ಫೋಲ್ಡಬಲ್, ಡಿಟ್ಯಾಚಬಲ್, ರಿಚಾರ್ಜಬಲ್. ಇವಳು ಬರೆಯುತ್ತಾಳೆ: ತೊಳೆಯಬಹುದು, ಮಡಚಬಹುದು, ಕಳಚಬಹುದು, ಮತ್ತೆ ಚಾರ್ಜ್ ಮಾಡಬಹುದು. ಸಾಲು ಸಾಲಾಗಿ ಬಹುದು, ಬಹುದು, ಬಹುದು. ಪ್ಯಾಕಿಂಗಿನವರು ಅದನ್ನು ರಾಗವಾಗಿ ಹಾಡಿ ಹಾಡಿ ಕೊನೆಗೆ ಅವಳಿಗೇ ಆ ಹೆಸರು ಕಟ್ಟಿದರು. ಈಗ ಅವಳ ನಿಜವಾದ ಹೆಸರು ಸಂಬಳದ ವಿಭಾಗಕ್ಕೆ ಮಾತ್ರ ಗೊತ್ತು.

ಅವಳಪ್ಪನದು ಒಂದು ಲಾಂಡ್ರಿ. ಕಿರಿದಾದ ಅಂಗಡಿ, ಮುಂದೆ ಇಸ್ತ್ರಿಯ ಮೇಜು, ಹಿಂದೆ ತೊಟ್ಟಿ, ಮೇಲೆ ತಂತಿಗಳಲ್ಲಿ ನೇತಾಡುವ ಊರವರ ಬಟ್ಟೆ. ಶಾಲೆ ಬಿಟ್ಟ ಮೇಲೆ ಹುಡುಗಿ ಇಸ್ತ್ರಿ ಮೇಜಿನ ಕೆಳಗೆ ಕೂತು ಪಾಠ ಓದುತ್ತಿದ್ದಳು. ಅಪ್ಪನಿಗೆ ಇಂಗ್ಲಿಷು ಬಾರದು, ಹಾಗಾಗಿ ಬಟ್ಟೆಯ ಕಾಲರಿನ ಒಳಗೆ ಹೊಲಿದ ಪುಟ್ಟ ಪಟ್ಟಿಯನ್ನು ಅವಳೇ ಓದಿ ಹೇಳಬೇಕು. ಆ ಬಾಲದ ಗುಟ್ಟು ಅವಳಿಗೆ ಸಿಕ್ಕಿದ್ದು ಅಲ್ಲೇ. ಲ್ಯಾಟಿನ್ನಿನಲ್ಲಿ ಹುಟ್ಟಿ, ಫ್ರೆಂಚರ ಮನೆಯಲ್ಲಿ ಬೆಳೆದು, ಇಂಗ್ಲಿಷಿಗೆ ಬಂದು ಬಿಡಾರ ಹೂಡಿದ ಬಾಲವದು. ಬಂದದ್ದು ಬಂತು, ತನ್ನ ನೆಂಟರ ಜೊತೆ ಮಾತ್ರ ಇದ್ದಿದ್ದರೆ ಚಿಂತೆಯಿರಲಿಲ್ಲ. ಇಂಗ್ಲಿಷಿನ ಸ್ವಂತ ಮನೆಮಕ್ಕಳ ಬೆನ್ನಿಗೂ ಅಂಟಿಕೊಂಡಿತು. ವಾಷ್ ಎಂದರೆ ತೊಳೆ. ಬಾಲ ಹಚ್ಚಿದರೆ ತೊಳೆಯಬಹುದಾದದ್ದು. ಡ್ರಿಂಕ್ ಎಂದರೆ ಕುಡಿ; ಬಾಲ ಹಚ್ಚಿದರೆ ಕುಡಿಯಬಹುದಾದದ್ದು. ಒಂದು ಕೆಲಸದ ಮಾತು ಸಿಕ್ಕರೆ ಸಾಕು, ಗುಣವಾಚಕ ಸಿದ್ಧ. ವಿಸಿಬಲ್, ಎಡಿಬಲ್ ಅಂಥವು ಲ್ಯಾಟಿನ್ನಿನಿಂದಲೇ ಇಡಿಯಾಗಿ ಬಂದವು. ಬಾಲ ಕಿತ್ತರೆ ಹಿಂದೆ ಇಂಗ್ಲಿಷಿನ ಪದವೇ ಉಳಿಯುವುದಿಲ್ಲ, ಅವನ್ನು ಉರು ಹೊಡೆಯಬೇಕು ಅಷ್ಟೆ. ಕಂಫರ್ಟಬಲ್ ಥರದವು ಇನ್ನೊಂದು ಜಾತಿ, ಯಾರಿಗೂ ಏನೂ ಮಾಡು ಅನ್ನದೆ ಆರಾಮಾಗಿ ಕಾಲು ಚಾಚಿ ಕೂತಿರುತ್ತವೆ. ಇದೆಲ್ಲ ಹುಡುಗಿಗೆ ಆಟದ ಹಾಗೆ ಖುಷಿಯಾಗಿತ್ತು.

ಖುಷಿ ಮುರಿದದ್ದು ಒಂದು ನೇರಳೆ ಕೋಟು. ಕೊರಳ ಪಟ್ಟಿಯಲ್ಲಿ ವಾಷಬಲ್ ಎಂದಿತ್ತು. ಹುಡುಗಿ ಓದಿ ಹೇಳಿದಳು, ಅಪ್ಪ ತೊಳೆದ, ನೇರಳೆಯೆಲ್ಲ ತೊಟ್ಟಿಗೆ ಇಳಿಯಿತು. ಕೋಟಿನ ಯಜಮಾನ ಬಂದವನೇ ಒದ್ದೆ ಕೋಟನ್ನು ಅಪ್ಪನ ಮುಖಕ್ಕೆ ಬೀಸಿ ಒಗೆದ. ಬೀದಿಯಲ್ಲಿ ಜನ ನಿಂತು ನೋಡಿದರು. ಅಪ್ಪ ಮುಖ ಒರೆಸಿಕೊಂಡ. ಆ ಪಟ್ಟಿ ಹೊಲಿದವನು ಯಾವುದೋ ಊರಿನಲ್ಲಿ ಹೊಟ್ಟೆ ತುಂಬ ಉಂಡು ಮಲಗಿದ್ದ. ಅವನ ಮುಖಕ್ಕೆ ಯಾರೂ ಏನೂ ಒಗೆಯಲಿಲ್ಲ.

"ಅದ್ರಲ್ಲಿ ಹಾಗೇ ಬರ್ದಿತ್ತಲ್ಲಪ್ಪಾ" ಎಂದು ಹುಡುಗಿ ಅತ್ತಳು.

"ಬರೆದೋನು ಅವನು ಮಗಾ. ತೊಳೆಯೋನು ನಾನು" ಎಂದ ಅಪ್ಪ. "ತೊಳೀಬಹುದು ಅಂತ ಹೇಳೋಕೆ ನಾಲಿಗೆ ಸಾಕು. ತೊಳೆಯೋಕೆ ಕೈ ಬೇಕು."

ಅವತ್ತಿನಿಂದ ಅಂಗಡಿಯಲ್ಲಿ ಒಂದು ಕಟ್ಟಳೆ ಬಂತು. ಪಟ್ಟಿಯಲ್ಲಿ ಏನೇ ಇರಲಿ, ಮೊದಲು ಬಟ್ಟೆಯ ಒಳಮಡಿಕೆಯ ಒಂದು ಮೂಲೆ ನೆನೆಸಬೇಕು, ಬಿಳಿ ಚಿಂದಿ ಒತ್ತಿ ನೋಡಬೇಕು. ಚಿಂದಿ ಬೆಳ್ಳಗೇ ಉಳಿದರೆ ಆಗ ಅಪ್ಪ ತನ್ನ ಬಾಯಲ್ಲಿ ಹೇಳುತ್ತಿದ್ದ: "ತೊಳೀಬಹುದು." ಮೂಲೆ ನೆನೆಸದೆ ಆ ಮಾತು ಅವನ ಬಾಯಿಂದ ಮತ್ತೆ ಬರಲಿಲ್ಲ, ಸಾಯುವ ತನಕ.

ಆ ಕಟ್ಟಳೆಯನ್ನು ಬಹುದಕ್ಕ ಕಂಪನಿಗೆ ತಂದಳು. ಯಾವುದೇ ಹೊಸ ಸಾಮಾನು ಬರಲಿ, ಒಂದನ್ನು ಮನೆಗೆ ಒಯ್ದು ತಾನೇ ಬಳಸದೆ ಚೀಟಿ ಬರೆಯುವುದಿಲ್ಲ ಎಂದು ಕಡ್ಡಿ ಮುರಿದಂತೆ ಹೇಳಿದಳು. ಮಡಚಬಹುದು ಎಂದರೆ ಮಡಚಿ ನೋಡಬೇಕು, ಅದೂ ಕೈಗೆ ಎಣ್ಣೆ ಜಿಡ್ಡು ಮೆತ್ತಿರುವಾಗ. ಕಳಚಬಹುದು ಎಂದರೆ ಮೊಂಡು ಉಗುರಿನಲ್ಲಿ ಕಳಚಿ ನೋಡಬೇಕು. ಅವಳ ಗಂಡ ಆಸ್ಪತ್ರೆಯೊಂದರಲ್ಲಿ ಎಲೆಕ್ಟ್ರೀಷಿಯನ್, ನಗಿಸುವ ಬಾಯಿಯವನು. ಅಡುಗೆಮನೆಯ ತುಂಬ ಡಬ್ಬ ನೋಡಿ, "ಈ ಮನೇಲಿ ಅಡ್ಜಸ್ಟಬಲ್ ಅಂತ ಗ್ಯಾರಂಟಿಯಾಗಿರೋ ಮಾಲು ನಾನೊಬ್ನೇ. ಇಪ್ಪತ್ತು ವರ್ಷ ಟೆಸ್ಟ್ ಆಗಿದೆ" ಎನ್ನುತ್ತಾನೆ.

ಬಹುದಕ್ಕನ ಚೀಟಿಗಳಿಗೆ ಒಬ್ಬಳು ನಿಜವಾದ ಓದುಗಿತ್ತಿಯಿದ್ದಳು. ಆಫೀಸು ಗುಡಿಸಿ ಒರೆಸುವ ಹೆಂಗಸು, ಎಲ್ಲರ ಬಾಯಲ್ಲೂ ಚಿಕ್ಕಮ್ಮ. ಅಕ್ಷರ ಕಲಿತದ್ದು ಮೊಮ್ಮಗಳು ಹುಟ್ಟಿದ ಮೇಲೆ. ಹೊಸದಾಗಿ ಹಲ್ಲು ಬಂದ ಮಗು ಸಿಕ್ಕಿದ್ದನ್ನೆಲ್ಲ ಕಚ್ಚುವಂತೆ ಅವಳು ಸಿಕ್ಕಿದ್ದನ್ನೆಲ್ಲ ಓದುತ್ತಿದ್ದಳು. ಅಪ್ಪನ ಕಟ್ಟಳೆಯ ಕಥೆಯನ್ನು ಬಹುದಕ್ಕ ಅವಳಿಗೆ ಹೇಳಿದ್ದಳು. ಹೊಸ ಚೀಟಿ ಬಂದರೆ ಬೆರಳಿಟ್ಟು ಓದಿ ಮುಗಿಸಿ, ಪೊರಕೆಯ ಮೇಲೆ ಗಲ್ಲ ಊರಿ ನಗುತ್ತ ಕೇಳುವಳು: "ಮೂಲೆ ನೆನೆಸಿ ನೋಡಿ ಬರ್ದಿದ್ದಾ ತಾಯಿ?"

"ನೆನೆಸಿದೀನಿ ಚಿಕ್ಕಮ್ಮ."

"ಹಾಗಾದ್ರೆ ಸರಿ" ಎಂದು ಚಿಕ್ಕಮ್ಮ ಬಕೆಟ್ಟು ಎತ್ತಿಕೊಂಡು ಹೋಗುವಳು. ಬಹುದಕ್ಕನಿಗೆ ಯಾವ ಮೇಲಧಿಕಾರಿಯ ಶಹಭಾಸ್‌ಗಿರಿಯೂ ಅಷ್ಟು ಸಮಾಧಾನ ಕೊಡುತ್ತಿರಲಿಲ್ಲ.

ಹೀಗಿರುವಾಗ ಹೊಸ ಕಾವಲಿ ಬಂತು. ಕರೆಂಟಿನ ಕಾವಲಿಯನ್ನು ಕಂಪನಿ ಮೊದಲೂ ಮಾಡುತ್ತಿತ್ತು. ಹಳೆಯದರಲ್ಲಿ ಮೇಲಿನ ತಟ್ಟೆ ಸಲೀಸಾಗಿ ಕಳಚಿ ಬರುತ್ತಿತ್ತು, ಕರೆಂಟಿನ ಭಾಗವೆಲ್ಲ ಕೆಳಗೆ ಉಳಿಯುತ್ತಿತ್ತು. ಬಹುದಕ್ಕ ಅದನ್ನು ವಾರಗಟ್ಟಲೆ ತೊಳೆದು ನೋಡಿಯೇ 'ತೊಳೆಯಬಹುದು' ಎಂದು ಬರೆದಿದ್ದಳು. ಹೊಸದರಲ್ಲಿ ತಟ್ಟೆಯನ್ನು ಕೆಳಭಾಗಕ್ಕೇ ಸ್ಕ್ರೂ ಹಾಕಿ ಬಿಗಿದಿದ್ದರು. ನೋಡಲು ತೆಳ್ಳಗೆ, ಮಾಡಲು ಅಗ್ಗ. ಡಬ್ಬದ ಮೇಲೆ ಮಾತ್ರ ಬೆರಳುದ್ದದ ಅಕ್ಷರದಲ್ಲಿ ಅದೇ ವಾಷಬಲ್.

ಅವಳು ಒಂದನ್ನು ಮನೆಗೆ ಒಯ್ದಳು. ಎಂಜಿನಿಯರು ತೊಳೆಯುವಂತೆ ಅಲ್ಲ, ಸುಸ್ತಾದ ಹೆಂಗಸು ತೊಳೆಯುವಂತೆ ತೊಳೆದಳು: ನಲ್ಲಿಯ ಕೆಳಗೆ ಹಿಡಿದು, ತಿಕ್ಕಿ, ಬೋರಲು ಹಾಕಿ. ರಾತ್ರಿಯೆಲ್ಲ ಒಣಗಲು ಬಿಟ್ಟಳು. ಬೆಳಿಗ್ಗೆ ಗಂಡ ರಬ್ಬರ್ ಚಪ್ಪಲಿ ಮೆಟ್ಟಿ, ಪ್ಲಗ್ ಹಾಕಿ, ತಟ್ಟೆಗೆ ಟೆಸ್ಟರ್ ತಾಗಿಸಿದ. ಟೆಸ್ಟರಿನೊಳಗಿನ ಪುಟ್ಟ ದೀಪ ಹತ್ತಿಕೊಂಡಿತು. ಗಂಡನ ಮುಖದಲ್ಲಿ ನಗೆಯಿರಲಿಲ್ಲ.

"ಒಳಗೆ ನೀರು ನಿಂತಿದೆ ಕಣೇ. ಇದನ್ನ ಯಾರಾದ್ರೂ ಒದ್ದೆ ಕೈಲಿ ಮುಟ್ಟಿದ್ರೆ ಎದ್ದು ಬರಲ್ಲ" ಎಂದ. "ಇದನ್ನ ತೊಳೀಬಹುದು ಅಂದೋನು ಯಾರು?"

ಅದನ್ನೇ ಕೇಳಲು ಅವಳು ಅವತ್ತು ಮಾರಾಟದ ಮುಖ್ಯಸ್ಥನ ಕೋಣೆಗೆ ಹೋದಳು. ಆತ ಬಂದು ವರ್ಷವಾಗಿರಲಿಲ್ಲ. ಕಟ್ಟಡದಲ್ಲೇ ತಣ್ಣನೆಯ ಕೋಣೆ, ಗಾಜಿನ ಮೇಜು, ಮೇಜಿನ ಮೇಲೆ ಒಂದು ಕಲೆಯೂ ಇಲ್ಲ.

"ಒದ್ದೆ ಬಟ್ಟೇಲಿ ಒರೆಸಿದ್ರೆ ಸಾಕು, ಕ್ಲೀನ್ ಆಗುತ್ತೆ" ಎಂದ ಆತ. "ಅದಕ್ಕೇ ವಾಷಬಲ್ ಅಂತ ಹಾಕಿದೀವಿ."

"ಒರೆಸೋದು ಬೇರೆ, ತೊಳೆಯೋದು ಬೇರೆ ಸಾರ್. ಒರೆಸಬಹುದು ಅಂತಲೇ ಹಾಕಿ ಹಾಗಾದ್ರೆ."

"ಒರೆಸಬಹುದು ಅಂದ್ರೆ ಯಾರಮ್ಮಾ ತಗೋತಾರೆ?"

ಇಷ್ಟಕ್ಕೇ ಅವಳ ಕಿವಿ ಕೆಂಪಾಗಿತ್ತು. ಆತ ಕುರ್ಚಿಗೆ ಒರಗಿಕೊಂಡು ಮುಂದುವರಿಸಿದ: "ನೋಡಿ, ವಾಷಬಲ್ ಅನ್ನೋದು ಒಂದು ಗುಣ. ಚಂದ, ಗಟ್ಟಿ, ಹಗುರ ಅನ್ನೋ ಹಾಗೆ. ತೊಳೀರಿ ಅಂತ ನಾವೆಲ್ಲಿ ಹೇಳಿದೀವಿ?"

ಬಹುದಕ್ಕನಿಗೆ ಮೈ ಉರಿದುಹೋಯಿತು. ಆ ಬಾಲದ ಕಪಟವೇ ಅದು, ಅವಳಿಗೆ ಗೊತ್ತು. ಅದು ಅಂಟಿದ ಕೂಡಲೇ ಮಾಡುವ ಕೈ ಮಾಯವಾಗುತ್ತದೆ. ಯಾರು ತೊಳೆಯುವವರು, ಯಾರು ಸಾಯುವವರು ಎಂಬ ಪ್ರಶ್ನೆಯೇ ಏಳುವುದಿಲ್ಲ. ಎಲ್ಲವೂ ಸಾಮಾನಿನದೇ ಹುಟ್ಟುಗುಣವೆಂಬಂತೆ ಡಬ್ಬದ ಮೇಲೆ ಹೊಳೆಯುತ್ತ ಕೂರುತ್ತದೆ. ನಮ್ಮ ಭಾಷೆಯಲ್ಲಿ 'ತೊಳೆಯಬಹುದು' ಎಂದು ಬಿಡಿಸಿ ಬರೆದರೆ ಓದುವವಳು ತನಗೇ ಹೇಳಿದ್ದು ಎಂದು ತಿಳಿದು ನಲ್ಲಿ ತಿರುಗಿಸುತ್ತಾಳೆ. ತಿರುಗಿಸಲೇಬೇಕು, ಅದರಲ್ಲಿ ಅವಳ ತಪ್ಪೇನು?

"ಆಗುತ್ತೆ ಅಂತ ಹೇಳಿದ್ಮೇಲೆ ಜನ ಮಾಡದೇ ಬಿಡ್ತಾರಾ ಸಾರ್? ನಾನು ಇದನ್ನ ಬರೆಯಲ್ಲ" ಎಂದಳು.

"ನಿಮ್ಮ ಕೆಲಸ ಅನುವಾದ. ಅಲ್ಲಿರೋದನ್ನ ಇಲ್ಲಿಗೆ ತರೋದು."

"ಎತ್ತು ಈಯ್ತು ಅಂದ್ರೆ ಕೊಟ್ಟಿಗೆಗೆ ಕಟ್ಟೋರು ಬೇರೆ ಇದಾರೆ. ಅವರನ್ನ ಕರೆಸ್ಕೊಳ್ಳಿ."

ಆತ ನಕ್ಕ. ಆ ನಗೆಯನ್ನು ನೆನೆದರೆ ಬಹುದಕ್ಕ ಇವತ್ತಿಗೂ ಹಲ್ಲು ಕಡಿಯುತ್ತಾಳೆ.

"ಯಾರನ್ನೂ ಕರೆಸೋ ಅಗತ್ಯ ಇಲ್ಲ. ಹಳೇ ಕಾವಲಿಗೆ ನೀವೇ ಬರ್ದಿದ್ದ ಚೀಟಿ ಇತ್ತಲ್ಲ, ಅದನ್ನೇ ಹಾಕಿದೀವಿ. ನಿನ್ನೆ ಸಂಜೆ ಸ್ಟಾಫ್‌ಗೆಲ್ಲ ಹಂಚಿಯೂ ಆಯ್ತು."

ಹೊಸ ಮಾಲಿನ ಮೊದಲ ಕಂತು ನೌಕರರ ಮನೆಗೆ ಹೋಗುವುದು ಕಂಪನಿಯ ವಾಡಿಕೆ. ಬಹುದಕ್ಕ ನಿನ್ನೆ ಅರ್ಧ ದಿನ ರಜೆಯಲ್ಲಿದ್ದಳು. ಅವಳಿಗೆ ಮೊದಲು ನೆನಪಾದದ್ದು ಚಿಕ್ಕಮ್ಮ. ಬೇರೆಯವರು ಚೀಟಿ ಓದುವುದಿಲ್ಲ, ಯಾರಿಗೆ ಗೊತ್ತು, ಬದುಕಿಕೊಂಡರೂ ಬದುಕಿಕೊಂಡಾರು. ಚಿಕ್ಕಮ್ಮ ಓದುತ್ತಾಳೆ. ಬರೆದದ್ದು ಯಾರು ಎಂದೂ ಅವಳಿಗೆ ಗೊತ್ತು.

ಕಾರಿಡಾರಿಗೆ ಓಡಿ ನೋಡಿದಳು. ಚಿಕ್ಕಮ್ಮ ಬೆಳಗಿನ ಪಾಳಿ ಮುಗಿಸಿ ಹೊರಟುಹೋಗಿದ್ದಳು. ಫೋನು ಮಾಡಿದರೆ ಗಂಟೆ ಹೋಗುತ್ತಿತ್ತು, ಎತ್ತುವವರಿಲ್ಲ. ಮತ್ತೆ ಮಾಡಿದಳು, ಇಲ್ಲ. ಸಿಕ್ಕ ಗಾಡಿ ಹತ್ತಿದಳು. ದಾರಿಯುದ್ದಕ್ಕೂ ಫೋನು ಕಿವಿಯಲ್ಲೇ ಇತ್ತು. ಸಿಗ್ನಲ್ಲಿನಲ್ಲಿ ಗಾಡಿ ನಿಂತರೆ ಡ್ರೈವರನ ಮೇಲೆ ರೇಗಿದಳು, ಆ ಪಾಪದವನು ಕೆಂಪು ದೀಪಕ್ಕೆ ತಾನೇ ಕಾರಣ ಎಂಬಂತೆ ತಲೆ ತಗ್ಗಿಸಿದ. ಮಾರಾಟದವನ ಮೇಲೆ, ಸ್ಕ್ರೂ ಬಿಗಿದವನ ಮೇಲೆ, ನಿನ್ನೆ ರಜೆ ಹಾಕಿದ ತನ್ನ ಮೇಲೆ, ಆ ದರಿದ್ರ ಬಾಲವನ್ನು ಹೊತ್ತು ತಂದ ಪರದೇಶದ ಪೂರ್ವಿಕರ ಮೇಲೆ, ಯಾರನ್ನೂ ಅವಳು ಬಿಡಲಿಲ್ಲ.

ಚಿಕ್ಕಮ್ಮನ ಮನೆ ಮೂರನೆಯ ಮಹಡಿಯಲ್ಲಿ. ಬಾಗಿಲು ತೆರೆದೇ ಇತ್ತು. ಒಂದೇ ಕೋಣೆ, ಒಂದು ಮಗ್ಗುಲಿಗೆ ಒಲೆಕಟ್ಟೆ. ಕಟ್ಟೆಯ ಮೇಲೆ ಹೊಸ ಕಾವಲಿ ಥಳಥಳ ಹೊಳೆಯುತ್ತಿತ್ತು, ಅಂಚಿನಿಂದ ನೀರು ತೊಟ್ಟಿಕ್ಕುತ್ತಿತ್ತು. ಚಿಕ್ಕಮ್ಮ ಒದ್ದೆ ಕೈಯನ್ನು ಸೆರಗಿಗೆ ಒರೆಸಿ ಪ್ಲಗ್ ಎತ್ತಿಕೊಂಡಿದ್ದಳು. ಪಕ್ಕದಲ್ಲಿ ಮೊಮ್ಮಗಳು ಕಟ್ಟೆಗೆ ಗಲ್ಲ ಊರಿ, ಯಾವಾಗ ಬಿಸಿಯಾಗುತ್ತದೋ ಎಂದು ಕಾಯುತ್ತಿದ್ದಳು.

"ಬಿಡಿ ಅದನ್ನ!"

ಬಹುದಕ್ಕನ ಕೂಗಿಗೆ ಪಕ್ಕದ ಮನೆಯವರು ಇಣುಕಿದರು. ಅವಳು ನುಗ್ಗಿ ಪ್ಲಗ್ ಕಿತ್ತುಕೊಂಡಳು, ಕಾವಲಿಯನ್ನು ಎದೆಗೆ ಅವುಚಿಕೊಂಡಳು, ಸೀರೆಯೆಲ್ಲ ನೆನೆಯಿತು. ಬಾಯಿಗೆ ಬಂದದ್ದನ್ನು ಅಂದಳು. "ನಿಮಗೇನು ತಲೆ ಕೆಟ್ಟಿದೆಯಾ ಚಿಕ್ಕಮ್ಮ? ಕರೆಂಟಿನ ಸಾಮಾನನ್ನ ನಲ್ಲಿ ಕೆಳಗೆ ಹಿಡೀತಾರಾ? ಫೋನು ಎಲ್ಲಿಟ್ಟಿದೀರಿ? ಮಗೂನ ಬೇರೆ ಪಕ್ಕದಲ್ಲಿ ನಿಲ್ಲಿಸ್ಕೊಂಡು! ಸ್ವಲ್ಪನಾದ್ರೂ ಬುದ್ಧಿ ಬೇಡ್ವಾ?"

ಮಗು ಅಳತೊಡಗಿತು. ಚಿಕ್ಕಮ್ಮ ಗಾಬರಿಯಾಗಿ ಬಹುದಕ್ಕನ ಮುಖವನ್ನೇ ನೋಡಿದಳು. ಆಮೇಲೆ ಡಬ್ಬದೊಳಗೆ ಕೈ ಹಾಕಿ ಚೀಟಿ ತೆಗೆದು, ಯಾವಾಗಿನಂತೆ ಬೆರಳಿಟ್ಟು ತೋರಿಸಿದಳು.

"ತೊಳೆಯಬಹುದು ಅಂತ ನೀನೇ ಬರ್ದಿದೀಯಲ್ಲ ತಾಯಿ. ಡಬ್ಬದ ಮೇಲಿನ ಇಂಗ್ಲಿಷು ನನಗೆ ಬರಲ್ಲ. ಇದನ್ನ ಓದಿದ ಕೂಡ್ಲೇ ನಿನ್ನ ಮಾತು ಅಂತ ಗುರುತು ಸಿಕ್ತು. ಅದಕ್ಕೇ ಈ ಸಲ ಕೇಳೋಕೂ ಬರ್ಲಿಲ್ಲ."

ಬಹುದಕ್ಕನಿಗೆ ಅಪ್ಪನ ಮಾತು ಕೇಳಿಸಿತು: ಬರೆದೋನು ಅವನು, ತೊಳೆಯೋನು ನಾನು. ಜೀವಮಾನವಿಡೀ ಅವಳು ತೊಳೆಯುವವರ ಕಡೆ ನಿಂತಿದ್ದೇನೆ ಎಂದುಕೊಂಡಿದ್ದಳು. ಆ ಒಂದು ಕೋಣೆಯ ಮನೆಯಲ್ಲಿ ಅವಳು ಬರೆದವಳಾಗಿದ್ದಳು. ಅವಳನ್ನು ಕೇಳದೆ, ಅವಳ ಮಾತನ್ನು ಕದ್ದು, ಬರೆದವಳನ್ನಾಗಿ ಮಾಡಿದ್ದರು. ಅವಳಿಗೆ ಅಳು ಬರಬೇಕಿತ್ತು, ಬರಲಿಲ್ಲ. ಚಿಕ್ಕಮ್ಮನ ಕೈ ಹಿಡಿದು, "ನಿಮ್ಮದೇನೂ ತಪ್ಪಿಲ್ಲ, ಕೂಗಿದ್ದು ನನ್ನ ತಪ್ಪು" ಎಂದಳು. ಮಗುವಿನ ಕಣ್ಣು ಒರೆಸಿದಳು. ಕಾವಲಿಯನ್ನು ಕೈಚೀಲದೊಳಗೆ ತುರುಕಿ ಮೆಟ್ಟಿಲಿಳಿದಳು. ಚೀಲದಿಂದ ನೀರು ಸೋರುತ್ತಲೇ ಇತ್ತು.

ಮಾರಾಟದ ಕೋಣೆಯಲ್ಲಿ ಆಗ ಸಭೆ ನಡೆಯುತ್ತಿತ್ತು. ಕಾವಲಿಯ ನಕ್ಷೆ ಮಾಡಿದ ಎಂಜಿನಿಯರು, ಡಬ್ಬದ ಚಿತ್ರ ಬರೆಸಿದವಳು, ಇನ್ನೂ ಇಬ್ಬರು ಮೂವರು. ಬಾಗಿಲು ತಟ್ಟದೆ ಒಳಗೆ ಬಂದವಳೇ ಬಹುದಕ್ಕ ಒದ್ದೆ ಕಾವಲಿಯನ್ನು ಗಾಜಿನ ಮೇಜಿನ ನಡುವೆ ಇಟ್ಟಳು. ನೀರು ಹರಿದು ಅವರ ಲ್ಯಾಪ್‌ಟಾಪುಗಳ ಕಡೆ ಹೋಯಿತು. ಪ್ಲಗ್ಗನ್ನು ಎಳೆದು ಮುಖ್ಯಸ್ಥನ ಕೈಗೆ ಸಿಗುವಂತೆ, ಗೋಡೆಯ ಸ್ವಿಚ್ಚಿನ ಹತ್ತಿರ ಬಿಟ್ಟಳು.

"ಏನಮ್ಮಾ ಇದು? ಕೂತ್ಕೊಳ್ಳಿ ಮೊದ್ಲು, ಸ್ವಲ್ಪ ನೀರು ಕುಡೀರಿ" ಎಂದ ಆತ.

"ನೀರು ನಿಮ್ಮ ಕಾವಲಿ ಕುಡಿದಿದೆ ಸಾರ್. ತೊಳೆದಾಗಿದೆ. ಆಫೀಸು ಗುಡಿಸೋ ಚಿಕ್ಕಮ್ಮನೇ ತೊಳೆದದ್ದು, ನಿಮ್ಮ ಚೀಟಿ ಓದ್ಕೊಂಡು. ಇನ್ನು ಪ್ಲಗ್ ನೀವು ಹಾಕಿ. ಹಾಕಿ ಅಂಗೈ ಇಡಿ ಅದರ ಮೇಲೆ."

ಯಾರೋ ಒಬ್ಬರು ಲ್ಯಾಪ್‌ಟಾಪನ್ನು ನೀರಿನಿಂದ ಮೇಲಕ್ಕೆ ಎತ್ತಿ ಹಿಡಿದರು.

"ಗುಣ ಅಂದ್ರಲ್ಲ? ಚಂದ, ಗಟ್ಟಿ, ಹಗುರ ಅನ್ನೋ ಹಾಗೆ ಅಂದ್ರಲ್ಲ? ನೋಡೋಣ ಆ ಗುಣಾನ. ಬರ್ದೋರೆಲ್ಲ ಇಲ್ಲೇ ಇದೀರಿ." ಎಂಜಿನಿಯರಿನ ಕಡೆ ತಿರುಗಿದಳು. "ನೀವು ಹಾಕ್ತೀರಾ? ನೀವಮ್ಮಾ? ಯಾರೂ ಇಲ್ವಾ? ಒಂದು ಮಗು ಅದರ ಪಕ್ಕ ನಿಂತಿತ್ತು ಸಾರ್. ಇಷ್ಟೆತ್ತರದ ಮಗು."

ಎಂಜಿನಿಯರು ಮೇಜಿನಿಂದ ಕೈ ತೆಗೆದು ಮಡಿಲಲ್ಲಿ ಇಟ್ಟುಕೊಂಡ. ಚಿತ್ರ ಬರೆಸಿದವಳು ಕುರ್ಚಿ ಹಿಂದಕ್ಕೆ ಸರಿಸಿದಳು. ಮುಖ್ಯಸ್ಥ ಪ್ಲಗ್ಗನ್ನು ನೋಡಿದ, ಕಾವಲಿಯನ್ನು ನೋಡಿದ. ಮುಖದ ನೀರಿಳಿದಿತ್ತು. ಎರಡೂ ಕೈ ಜೇಬಿನೊಳಗೆ ಹೋಗಿದ್ದವು.

"ಆಯ್ತು" ಎಂದ ಕೊನೆಗೆ. "ಸ್ಟಾಫ್ ಹತ್ರ ಇರೋದನ್ನೆಲ್ಲ ವಾಪಸ್ ತರ್ಸೋಣ. ಅಂಗಡಿಗೆ ಹೋಗೋದಕ್ಕೆ ಹೊಸ ಚೀಟಿ ಬರ್ಕೊಡಿ. ಡಬ್ಬದ ಮೇಲಿಂದು ಮಾತ್ರ ಹಾಗೇ ಇರ್ಲಿ. ಎಲ್ಲಾ ಪ್ರಿಂಟ್ ಆಗ್ಹೋಗಿದೆ."

ಇಷ್ಟಾದ ಮೇಲೂ ಆ ಬಾಲವನ್ನು ಕಿತ್ತು ಹಾಕಲು ಅವನಿಗೆ ಮನಸ್ಸು ಬರಲಿಲ್ಲ ನೋಡಿ. ಬಹುದಕ್ಕ ಅಲ್ಲಿ ನಿಲ್ಲಲಿಲ್ಲ. ತನ್ನ ಮೇಜಿಗೆ ಹೋಗಿ ಮೊದಲು ಕಾವಲಿ ಒಯ್ದ ಪ್ರತಿಯೊಬ್ಬರಿಗೂ ತಾನೇ ಫೋನು ಮಾಡಿದಳು. ಬೈದವರಿಂದ ಬೈಸಿಕೊಂಡಳು, ನಕ್ಕವರ ಮೇಲೆ ರೇಗಿದಳು, ಪ್ಲಗ್ ಕಿತ್ತೆ ಎಂದು ಅವರ ಬಾಯಿಂದ ಕೇಳುವ ತನಕ ಫೋನು ಇಡಲಿಲ್ಲ. ಆಮೇಲೆ ಚೀಟಿ ಬರೆಯಲು ಕೂತಳು. ಮೊದಲ ಸಾಲನ್ನು ದಪ್ಪ ಅಕ್ಷರದಲ್ಲಿ ಹೀಗೆ ಬರೆದಳು: 'ಈ ಕಾವಲಿಯನ್ನು ತೊಳೆಯಬಾರದು, ಡಬ್ಬದ ಮೇಲೆ ಇಂಗ್ಲಿಷಿನಲ್ಲಿ ಏನೇ ಬರೆದಿರಲಿ.' ಎರಡನೆಯ ಅರ್ಧವನ್ನು ತೆಗೆಯಿರಿ ಎಂದು ಮಾರಾಟದವರು ಹೇಳಿ ಕಳಿಸಿದರು. ಹಾಗಾದರೆ ಕಾವಲಿಯನ್ನೂ ಬಕೆಟ್ಟನ್ನೂ ತೆಗೆದುಕೊಂಡು ಬರುತ್ತೇನೆ ಎಂದು ಇವಳು ಹೇಳಿ ಕಳಿಸಿದಳು. ಸಾಲು ಉಳಿಯಿತು.

ಅಚ್ಚಾಗಿ ಬಂದ ಮೊದಲ ಚೀಟಿಯನ್ನು ಅವಳು ಚಿಕ್ಕಮ್ಮನಿಗೆ ಕೊಟ್ಟಳು. ಚಿಕ್ಕಮ್ಮ ಪೊರಕೆಯನ್ನು ಗೋಡೆಗೆ ಒರಗಿಸಿ, ಬೆರಳಿಟ್ಟು, ಒಂದೊಂದೇ ಅಕ್ಷರ ಓದಿದಳು. ಓದಿ ಮುಗಿಸಿ ತಲೆಯೆತ್ತಿದಳು. ಈ ಸಲ ಅವಳು ನಗುತ್ತಿರಲಿಲ್ಲ.

"ಮೂಲೆ ನೆನೆಸಿ ನೋಡಿ ಬರ್ದಿದ್ದಾ ತಾಯಿ?"

"ಹೂಂ ಚಿಕ್ಕಮ್ಮ" ಎಂದಳು ಬಹುದಕ್ಕ. "ನಿಮ್ಮನೇಲಿ ನೆನೆಸಿದ್ದು."